ಪದ್ಯ ಹೇಳಲು ಬಂದ ತಾಯಿ

ಮೈಗೆ ಬಾಂಬು ಕಟ್ಟಿಕೊಂಡು ಹೊರಡುವ ಹೋರಾಟಗಾರರಿಗೆ ಕಾಡಿನ ಶಿಬಿರದಲ್ಲಿ ಗುರುಗಳು ತಮ್ಮ ಪವಿತ್ರ ಗ್ರಂಥದ ಒಂದು ಪದ್ಯ ಹೇಳಿಕೊಡುತ್ತಿದ್ದರು.

ನೆಲಕೆ ಮಡಿದವ ಸಾಯನೆಂದಿಗು
ಬೆಳಕಿನೊಳಗೇ ಬೆರೆತುಹೋಗುವ

ಈ ಎರಡು ಸಾಲು ಬಾಯಿಗೆ ಬಂದವನು ಮರುದಿನ ಹೊರಡುತ್ತಿದ್ದ.

ಹಾಗೆ ಸತ್ತವನೊಬ್ಬನ ತಾಯಿ ಒಂದು ಬೆಳಿಗ್ಗೆ ಶಿಬಿರಕ್ಕೆ ಬಂದಳು.

“ಪುಣ್ಯವಂತೆ ಕಣಮ್ಮ ನೀನು. ಏನು ಬೇಕು, ಕೇಳು” ಎಂದರು ಗುರುಗಳು.

“ಏನೂ ಬ್ಯಾಡ ಬುದ್ಧೀ. ನನ್ ಮಗ ಇಲ್ಲಿ ಕಲ್ತ ಪದ್ಯ ನಾನೂ ಕಲ್ತಿದೀನಿ. ಎಲ್ಲಾರ ಮುಂದೆ ಒಂದ್ಸಲ ಹೇಳ್ಬೇಕು ಅಂತ ಆಸೆ.”

ಗುರುಗಳಿಗೆ ಸಂತೋಷವಾಯಿತು. ಎಲ್ಲರನ್ನೂ ಕರೆದು ಕೂರಿಸಿದರು. ಅವಳು ರಾಗವಾಗಿ ಎರಡು ಸಾಲು ಹೇಳಿದಳು. ಅಲ್ಲಿಗೆ ನಿಲ್ಲಿಸಲಿಲ್ಲ.

ಪರರ ಮಗನನು ಕಳುಹುವಾ ಗುರು
ತನ್ನ ಮಗನನೆ ಮೊದಲು ಕಳುಹಲಿ

“ಇದನ್ನೆಲ್ಲಿಂದ ತಂದೆ?” ಗುರುಗಳ ದನಿ ಏರಿತು.

“ನಿಮ್ ಗ್ರಂಥದಿಂದ್ಲೇ. ನೀವು ಓದಿದ ಪಾಠಶಾಲೇಲೇ ಮೂರು ವರ್ಷ ಕಸ ಗುಡಿಸ್ತಾ ಕೇಳಿಸ್ಕೊಂಡೆ. ಸುಳ್ಳಾದ್ರೆ ನನ್ ನಾಲ್ಗೆ ಕೊಯ್ಸಿ.”

“ಓದು ಬರದವಳಿಗೆ ಇದರ ಅರ್ಥ ತಿಳಿಯಲ್ಲ. ಕಳಿಸ್ರೋ ಇವಳನ್ನ.”

“ಹೆತ್ತೋಳಿಗೆ ಅರ್ಥ ಆಯ್ತು ಬುದ್ಧೀ.”

ಶಿಬಿರದ ನಾಯಕ ಎದ್ದು ಬಂದ. ಅವನ ತಮ್ಮನೂ ಅದೇ ಪದ್ಯ ಕಲಿತು ಹೋಗಿದ್ದವನು. ಗುರುಗಳ ಮುಂದಿದ್ದ ಗ್ರಂಥವನ್ನು ಎತ್ತಿಕೊಂಡು, ಪುಟ ಹುಡುಕಿ, ಆ ಪದ್ಯವನ್ನು ಕೊನೆಯವರೆಗೂ ಬೆರಳಿಟ್ಟು ಓದಿದ. ಕಣ್ಣಿಗೊತ್ತಿಕೊಂಡು ಮುಚ್ಚಿಟ್ಟ.

“ಗುರುಗಳೇ, ಪಟ್ಟಣದಲ್ಲಿ ಓದ್ತಿರೋ ನಿಮ್ಮ ಮಗನ್ನ ಇವತ್ತೇ ಕರೆಸಿ.”