ಕೊನೆಯ ಬೆಂಚಿನ ಮುಷ್ಟಿ

ಕೊನೆಯ ಬೆಂಚಿನವಳ ಎಡಗೈಯಲ್ಲಿ ಏನೋ ಇತ್ತು.

ಚರಿತ್ರೆಯ ಟೀಚರ್ ಅದನ್ನು ಗಮನಿಸಿ ಬಹಳ ಹೊತ್ತಾಗಿತ್ತು. ಪ್ರಶ್ನೆಪತ್ರಿಕೆ ಮೆಲ್ಲಗೆ ತೊಡೆಯ ಮೇಲಿಳಿಯುತ್ತಿತ್ತು. ಹಿಂದೆಯೇ ಎಡಗೈಯೂ ಮೇಜಿನ ಕೆಳಗೆ ಹೋಗುತ್ತಿತ್ತು. ತಲೆ ಬಗ್ಗುತ್ತಿತ್ತು. ಆಮೇಲೆ ಪೆನ್ನು ಸರಸರನೆ ಓಡುತ್ತಿತ್ತು. ಟೀಚರ್ ಆ ಕಡೆ ತಿರುಗಿದರೆ ಸಾಕು, ಮುಷ್ಟಿ ಬಿಗಿಯುತ್ತಿತ್ತು. ಮುಖ ಮಾತ್ರ ಏನೂ ಅರಿಯದ ಕೂಸಿನಂತೆ.

ಬೇರೆ ಯಾರಾದರೂ ಆಗಿದ್ದರೆ ಟೀಚರ್ ಇಷ್ಟರಲ್ಲಿ ಅವರ ಕೊರಳಪಟ್ಟಿ ಹಿಡಿದಿರುತ್ತಿದ್ದಳು. ನಕಲು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಕಾಲುಚೀಲದೊಳಗಿನ ಚೀಟಿ, ತೋಳಿನ ಮೇಲಿನ ಸೂತ್ರ, ಸ್ಕೇಲಿನ ಹಿಂದೆ ಪೆನ್ಸಿಲಿನಲ್ಲಿ ಗೀಚಿದ ಪ್ರಮೇಯ, ಯಾವುದೂ ಅವಳಿಂದ ತಪ್ಪಿಸಿಕೊಂಡಿರಲಿಲ್ಲ. ಹುಡುಗರು ಅವಳಿಗೆ ‘ಎಕ್ಸ್-ರೇ’ ಎಂದು ಹೆಸರಿಟ್ಟಿದ್ದರು. ಹೆಸರು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆದರೆ ಇವಳನ್ನು ಹಿಡಿಯುವುದು ಹೇಗೆ? ತಾಯಿ ಮಗಳು ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬಂದಿದ್ದರು. ಗೇಟಿನ ಹತ್ತಿರ ಗುರುತಿಲ್ಲದವರಂತೆ ಬೇರೆಯಾಗಿದ್ದರು.

ಪರೀಕ್ಷೆಗೆ ಮೊದಲು ಮುಖ್ಯ ಮೇಲ್ವಿಚಾರಕ ಎಲ್ಲ ಟೀಚರುಗಳನ್ನೂ ಸಾಲಾಗಿ ನಿಲ್ಲಿಸಿ ಕೇಳಿದ್ದ. ನಿಯಮದಂತೆ ಕೇಳಲೇಬೇಕಾದ ಪ್ರಶ್ನೆ ಅದು.

“ನಿಮ್ಮ ಮಕ್ಕಳು ಯಾರಾದ್ರೂ ಇಲ್ಲಿ ಬರೀತಿದ್ದಾರಾ? ಇದ್ರೆ ಈಗಲೇ ಹೇಳ್ಬಿಡಿ, ಆಮೇಲೆ ನನ್ನ ತಲೆ ತಿನ್ಬೇಡಿ.”

“ಇಲ್ಲ ಸಾರ್,” ಎಂದಿದ್ದಳು ಟೀಚರ್. ಕೇಳಿದ್ದಕ್ಕೆ ಉತ್ತರ ಹೇಳಿಯಾಗಿತ್ತು. ಆದರೂ ಕಿವಿ ಬಿಸಿಯಾಗಿತ್ತು. ಲಾಟರಿ ಎತ್ತಿ ಕೊಠಡಿ ಹಂಚಿದಾಗ ಬರಬಾರದ ಕೊಠಡಿಯೇ ಅವಳ ಪಾಲಿಗೆ ಬಂದಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಹತ್ತನೆಯ ತರಗತಿಯ ಗಣಿತ. ಫೇಲಾದವರಿಗೆ ಇನ್ನೊಂದು ಅವಕಾಶ. ಇದಕ್ಕಾಗಿ ಮನೆಯಲ್ಲಿ ತಿಂಗಳುಗಟ್ಟಲೆ ಯುದ್ಧ ನಡೆದಿತ್ತು.

“ಟಿ.ವಿ. ಆರಿಸು.”

“ಇದೊಂದು ಹಾಡು ಮುಗೀಲಿ.”

“ಹಾಡು ಮುಗಿಯುತ್ತೆ, ಪಾಠ ಮುಗಿಯಲ್ಲ. ಏಳು, ಪುಸ್ತಕ ತೆಗಿ.”

“ಗೋಪುರದ ಎತ್ತರ ನಾನ್ಯಾಕೆ ಕಂಡುಹಿಡೀಬೇಕು? ಕಟ್ಟಿದೋನ್ನ ಕೇಳಿದ್ರೆ ಹೇಳ್ತಾನಪ್ಪ!”

“ಪರೀಕ್ಷೇಲೂ ಹಾಗೇ ಬರಿ. ಕೈ ತುಂಬ ಮಾರ್ಕ್ಸ್ ಕೊಡ್ತಾರೆ.”

“ನಿನ್ನ ಶಾಲೆ ಹುಡುಗರ ಪಾಡು ಈಗ ಗೊತ್ತಾಯ್ತು ನನಗೆ. ಪಾಪ, ಹೇಗೆ ಸಹಿಸ್ಕೋತಾವೋ!”

ಆ ಮನೆಯಲ್ಲಿ ಇದ್ದದ್ದು ಒಬ್ಬನೇ ಗಂಡಸು. ಅವನು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದ. “ನಿಮ್ಮಿಬ್ಬರ ಮಧ್ಯೆ ಬಾಯಿ ಹಾಕಿ ನಾನು ಫೇಲಾಗಲ್ಲ,” ಎನ್ನುತ್ತಿದ್ದ.

ಹೋದ ಸಲ ಹೋಗಿದ್ದು ಗಣಿತವೊಂದೇ. ಫಲಿತಾಂಶದ ದಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಹೊರಗೂ ಕೇಳಿಸಿತ್ತು. ಹೊರಗೆ ಬಂದವಳು ಮುಖ ಒರೆಸಿಕೊಂಡು ಹೇಳಿದ್ದಳು: “ಇನ್ನೊಂದೇ ಒಂದು ಸಲ. ಅದೂ ಹೋದ್ರೆ ಪುಸ್ತಕ ಮುಟ್ಟಲ್ಲ. ಆಮೇಲೆ ನನ್ನನ್ನ ಓದು ಅನ್ನಬಾರದು ನೀನು.”

ಟೀಚರ್ ಒಪ್ಪಿಕೊಂಡಿದ್ದಳು. ಆದರೆ ಕಾಲೇಜಿನ ಮುಂದೆ ಬಸ್ಸು ನಿಂತಾಗಲೆಲ್ಲ ಆ ಕತ್ತು ಕಿಟಕಿಯ ಕಡೆಗೆ ಹೇಗೆ ಹೊರಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಈಗ ಆ ಮುಷ್ಟಿಯಲ್ಲಿ ಚೀಟಿ ಸಿಕ್ಕಿದರೆ? ಪರೀಕ್ಷೆಯೂ ಹೋಯಿತು, ಕಾಲೇಜೂ ಹೋಯಿತು. ಸಿಕ್ಕರೂ ಸುಮ್ಮನಿದ್ದರೆ? ನಾಳೆ ಇನ್ನೊಬ್ಬರ ಕಾಲುಚೀಲಕ್ಕೆ ಯಾವ ಮುಖ ಹೊತ್ತು ಕೈ ಹಾಕುವುದು?

ಕೊನೆಯ ಬೆಂಚಿನವಳು ಪ್ರಶ್ನೆಪತ್ರಿಕೆಯನ್ನು ಒಮ್ಮೆ ಹತ್ತಿರ ತಂದಳು, ಒಮ್ಮೆ ಕೈ ಚಾಚಿ ದೂರ ಹಿಡಿದಳು. ಅರ್ಥವಾಗದವರು ಹೀಗೇ ಮಾಡುವುದು ಎಂದುಕೊಂಡಳು ಟೀಚರ್. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಹಿಂದಕ್ಕೆ ತಿರುಗಿ ಕಿಸಕ್ಕನೆ ನಕ್ಕಳು. ಇವಳಿಗೂ ವಿಷಯ ಗೊತ್ತಿದೆ! ಕೈ ಮತ್ತೆ ಮೇಜಿನ ಕೆಳಗೆ ಹೋಯಿತು.

ಹೊರಗೆ ಬೂಟಿನ ಸದ್ದು. ಮುಖ್ಯ ಮೇಲ್ವಿಚಾರಕ ಪಕ್ಕದ ಕೊಠಡಿಯವರೆಗೆ ಬಂದಿದ್ದ.

ಅವನು ಹಿಡಿಯುವುದಕ್ಕಿಂತ ತಾನೇ ಹಿಡಿಯುವುದು ಮೇಲು. ಟೀಚರ್ ಹೋಗಿ ಕೊನೆಯ ಬೆಂಚಿನ ಪಕ್ಕ ನಿಂತಳು.

“ಎದ್ದು ನಿಲ್ಲು.”

“ನಾನಾ?”

“ನೀನೇ. ಮುಷ್ಟಿ ಬಿಚ್ಚು.”

“ಇಲ್ಲಿ ಬೇಡ. ಮನೇಲಿ ತೋರಿಸ್ತೀನಿ,” ಎಂದು ಪಿಸುಗುಟ್ಟಿದಳು ಅವಳು.

“ಇದು ಮನೆಯಲ್ಲ.”

ಮುಖ್ಯ ಮೇಲ್ವಿಚಾರಕ ಬಾಗಿಲಲ್ಲಿ ಬಂದು ನಿಂತ. ಕೊಠಡಿಯ ಪೆನ್ನುಗಳೆಲ್ಲ ನಿಂತವು. ಬೆರಳುಗಳು ಒಲ್ಲದ ಮನಸ್ಸಿನಿಂದ ಒಂದೊಂದಾಗಿ ಬಿಡಿಸಿಕೊಂಡವು.

ಅಂಗೈಯಲ್ಲಿ ಚೀಟಿ ಇರಲಿಲ್ಲ. ಮಡಚಿದ ಪುಟ್ಟ ಕನ್ನಡಕವೊಂದಿತ್ತು.

ಮನೆಯಲ್ಲಿ ಪುಸ್ತಕ ಹಿಡಿದರೆ ಸಾಕು, ಮೂಗಿನ ಮೇಲೇರುವ ಕನ್ನಡಕ ಅದು. ಇಂದು ಅದು ಮೂಗಿನ ಮೇಲಿಲ್ಲವೆಂಬುದೇ ಎಕ್ಸ್-ರೇ ಕಣ್ಣಿಗೆ ಬಿದ್ದಿರಲಿಲ್ಲ.

“ಹಾಕ್ಕೊಂಡ್ರೆ ಈ ಹುಡುಗಿ ನಗ್ತಾಳೆ,” ಎಂದಳು ಕೊನೆಯ ಬೆಂಚಿನವಳು, ನೆಲ ನೋಡುತ್ತ. “ಅದಕ್ಕೇ ಮೇಜಿನ ಕೆಳಗೆ ಪೇಪರ್ ಮೇಲೆ ಇದನ್ನ ಹಿಡ್ಕೊಂಡು, ಗಾಜಿನಲ್ಲಿ ಒಂದೊಂದೇ ಪ್ರಶ್ನೆ ಓದ್ಕೋತಿದ್ದೆ.”

ಎರಡು ಜಡೆಗಳು ತಟ್ಟನೆ ಮುಂದಕ್ಕೆ ತಿರುಗಿದವು. ಮುಖ್ಯ ಮೇಲ್ವಿಚಾರಕ ಮೀಸೆಯಲ್ಲೇ ನಕ್ಕು ಮುಂದಿನ ಕೊಠಡಿಗೆ ಹೋದ.

“ನಗೋರು ನಗ್ಲಿ, ನೀನು ಬರಿ,” ಎನ್ನುತ್ತ ಟೀಚರ್, ತನ್ನನ್ನು ಹೆತ್ತವಳ ಮೂಗಿನ ಮೇಲೆ ಕನ್ನಡಕ ಏರಿಸಿದಳು.