ಮಾರಕ್ಕನ ಸರದಿ

ಆ ಬೆಳಿಗ್ಗೆ ಬೂದಿಗೆರೆಯ ಮೇಲೆ ಎಂಥ ಮಂಜು ಇಳಿದಿತ್ತೆಂದರೆ, ಎಸ್ತೇರಮ್ಮನ ಮನೆಯಲ್ಲಿ ಪ್ರಾರ್ಥನೆಗೆ ಕೂತವರಿಗೆ ಬಾಗಿಲಾಚೆಯ ಹುಣಸೆಮರವೂ ಕಾಣುತ್ತಿರಲಿಲ್ಲ. ಮರದ ಪುಟ್ಟ ಶಿಲುಬೆಯೊಂದು ಕೈಯಿಂದ ಕೈಗೆ ಸಾಗುತ್ತಿತ್ತು. ಅದು ಯಾರ ಕೈಗೆ ಬರುತ್ತದೋ ಅವರು ಬಾಯಿಬಿಟ್ಟು ಪ್ರಾರ್ಥಿಸಬೇಕು. ಈಚೆಗಷ್ಟೇ ಕ್ರೈಸ್ತ ವಿಶ್ವಾಸಕ್ಕೆ ಬಂದಿದ್ದ ಮಾರಕ್ಕನ ಸರದಿ ಬಂದಾಗ ಅವಳು ಶಿಲುಬೆಯನ್ನು ಎದೆಗೊತ್ತಿಕೊಂಡಳು. ಮಗಳು ಹೊಸಕೋಟೆಯ ಆಸ್ಪತ್ರೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಳು.

“ಯೇಸಪ್ಪಾ, ನನ್ನ ಕೀರ್ತನಾನ ಕಾಪಾಡು. ತಾಯಿ ಮಗು ಸುಖವಾಗಿ ಮನೆಗೆ ಬಂದ್ರೆ ನಿಂಗೆ ಮುಡಿ ಕೊಡ್ತೀನಿ...”

ಯಾರೋ ಕಿಸಕ್ಕೆಂದರು. “ಅಯ್ಯೋ ಮಾರಕ್ಕ, ನಮ್ಮಲ್ಲಿ ಹರಕೆ ಗಿರಕೆ ಇಲ್ಲ ಕಣೆ. ಎಷ್ಟು ಸಲ ಹೇಳ್ಲಿ? ಕೊಡಿಲ್ಲಿ,” ಎಂದು ಎಸ್ತೇರಮ್ಮ ಎಂದಿನಂತೆ ಶಿಲುಬೆಯನ್ನು ತೆಗೆದುಕೊಂಡಳು. “ಪರಲೋಕದಲ್ಲಿರುವ ಕರುಣಾಳುವಾದ ತಂದೆಯೇ, ನಿಮ್ಮ ಪರಿಶುದ್ಧ ಸನ್ನಿಧಾನಕ್ಕೆ ಬಂದಿದ್ದೇವೆ...” ಹುಟ್ಟಿದಂದಿನಿಂದ ಕೇಳಿ ಬೆಳೆದ ಮಾತುಗಳು ನಲ್ಲಿ ನೀರಿನಂತೆ ಸುರಿಯುತ್ತಲೇ ಹೋದವು.

ಮಾರಕ್ಕ ಮುಷ್ಟಿ ಬಿಗಿದು ನೆಲಕ್ಕೆ ಗುದ್ದಿದಳು. “ನಿಲ್ಸಕ್ಕ! ಪ್ರತಿ ಸಲಾನೂ ನನ್ನ ಬಾಯಿಂದ ಕಿತ್ಕೊಂತೀಯ. ನಿಂಗೆ ಚೆಂದಾಗಿ ಬರ್ತದೆ, ಒಪ್ಕೊಂಡೆ. ಇಷ್ಟೊತ್ತು ಬೇಡ್ಕೊಂಡ್ಯಲ್ಲ, ನನ್ನ ಮಗಳ ಹೆಸ್ರು ಒಂದ್ಸಲ ಬಂತಾ? ತಪ್ಪೋ ಸರಿಯೋ, ಅವಳಿಗೋಸ್ಕರ ನಾನೇ ಕೇಳ್ಬೇಕು. ನಾನು ಕಲಿಯೋಗಂಟ ಹೆರಿಗೆ ನಿಂತ್ಕೊಂತದಾ?”

ಎಸ್ತೇರಮ್ಮ ಕಣ್ಣು ತೆರೆದಳು. ಆಮೇಲೆ ಮಾರಕ್ಕನ ಬಿಗಿದ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಶಿಲುಬೆಯನ್ನು ಅದರೊಳಗೆ ವಾಪಸ್ಸಿಟ್ಟಳು.