‘ಇಂದ’ ಎಂಬ ಸಾಲು

"ನೋಡಕ್ಕ, ‘ಇಂದ’ ಅನ್ನೋ ಕಡೆ ಭಾವನ ವಿಳಾಸವೇ ಕೂತಿದೆ," ಎಂದು ಕಪ್ಪು ಪರದೆಯ ಮೇಲೆ ಬೆರಳಿಟ್ಟ ತಮ್ಮ. ಚಿತ್ರವಿಲ್ಲ, ಮೌಸಿಲ್ಲ, ಬರೀ ಅಕ್ಷರಗಳ ಇಮೇಲು. ಭಾವ ಬದುಕಿದ್ದಾಗ ತನಗೆ ಬೇಕಾದಂತೆ ಜೋಡಿಸಿಕೊಂಡಿದ್ದು. "ಆರು ತಿಂಗಳಿಂದ ನೀನು ಅವರಿಗೆ ಬರೆದದ್ದೆಲ್ಲ, ಅವರೇ ಅವರಿಗೆ ಬರ್ಕೊಂಡ ಹಾಗೆ ಹೋಗಿದೆ."

"ಅದಕ್ಕೇ ಉತ್ತರ ಬಂದಿಲ್ಲ, ಅನ್ನು," ಎಂದಳು ಅಕ್ಕ.

ಭಾವ ತೀರಿಕೊಂಡ ವಾರದಲ್ಲೇ ಆ ವಿಳಾಸದ ಖಾತೆಯನ್ನು ಮುಚ್ಚಿಸಿದವನು ತಮ್ಮನೇ. ಮುಟ್ಟದ ಕಾಗದ ಕಳಿಸಿದವರಿಗೆ ವಾಪಸಾಗಬೇಕು. ಕಳಿಸಿದವರ ಜಾಗದಲ್ಲೂ ಭಾವನೇ ಇದ್ದುದರಿಂದ ಒಂದೂ ಅಕ್ಕನ ಕಣ್ಣಿಗೆ ಬಿದ್ದಿರಲಿಲ್ಲ. ವಾಪಸ್ ಬಾರದ್ದನ್ನು ಮುಟ್ಟಿತೆಂದೇ ನಂಬಿ, ಕೆಲಸ ಬಿಟ್ಟು, ಹೊತ್ತಿಗೆ ಸರಿಯಾದ ಊಟ ಬಿಟ್ಟು, ಪುಣ್ಯಾತ್ಗಿತ್ತಿ ಈ ಕುರ್ಚಿಗೆ ಅಂಟಿಕೊಂಡಿದ್ದಳು.

"ನಿನ್ನ ವಿಳಾಸ ಹಾಕ್ತೀನಿ. ಈ ಸಲ ಕಾಗದ ವಾಪಸ್ ಬಂದ್ರೆ, ಎದ್ದು ನನ್ನ ಜೊತೆ ನಮ್ಮನೆಗೆ ಬರ್ಬೇಕು. ಮಾತು ಕೊಡು."

"ಕೊಟ್ಟೆ. ಬರದಿದ್ರೆ?"

"ಬಂದೇ ಬರುತ್ತೆ."

ಸಾಲು ತಿದ್ದಿದ. ಮೊದಲು ಪರೀಕ್ಷೆಗೆಂದು ಬಾಯಿಗೆ ಬಂದ ಸುಳ್ಳು ವಿಳಾಸಕ್ಕೊಂದು ಕಾಗದ ಬಿಟ್ಟ. ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ‘ಇಂಥವರು ಇಲ್ಲಿಲ್ಲ’ ಎಂದು ಅದು ಅಕ್ಕನ ಹೆಸರಿಗೇ ತಿರುಗಿ ಬಂತು. "ನೋಡಿದ್ಯಾ? ಹೀಗೆ ಬರುತ್ತೆ," ಎಂದ. ಗೆದ್ದೆನೆಂಬ ಖುಷಿ ಅವನಿಗೇನೂ ಆಗಲಿಲ್ಲ.

ಅಕ್ಕ ಭಾವನಿಗೆ ಒಂದೇ ಸಾಲು ಬರೆದಳು: ‘ನಾನು ಕಣ್ರೀ, ಇಷ್ಟು ದಿನ ಬರೀತಿದ್ದದ್ದು.’ ಕಳಿಸಿದಳು.

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕಿಳಿಯಿತು. ಏನೂ ವಾಪಸ್ ಬರಲಿಲ್ಲ. ಖಾತೆ ಮುಚ್ಚಿದ್ದೇವೆಂದು ಅಂದು ಬಂದಿದ್ದ ಸಂದೇಶವನ್ನು ಅವನು ತನ್ನ ಫೋನಿನಲ್ಲಿ ಹುಡುಕಿ, ಎರಡೆರಡು ಸಲ ಓದಿದ. ಮುಚ್ಚಿದ್ದು ನಿಜ. ಇನ್ನೊಂದು ಸುಳ್ಳು ವಿಳಾಸಕ್ಕೆ ಬರೆದು ನೋಡಿದ. ಅದು ಕೂಡಲೇ ಬಂತು. ಭಾವನಿಗೆ ಹೋದದ್ದು ಮಾತ್ರ ಹೋದದ್ದೇ. ಅವನಿಗೆ ಭಯವಾಯಿತು.

"ಮುಟ್ತು," ಎಂದು ಅಕ್ಕ ಎದ್ದಳು. "ನೀನಿನ್ನು ಹೊರಡಪ್ಪ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಅವರಿಗೆ ಬರೆಯೋಕಾಗಲ್ಲ."

ಬಾಗಿಲವರೆಗೂ ಬಂದು, "ಜೋಪಾನ," ಎಂದು ಅವನ ಕೈ ಹಿಡಿದುಕೊಂಡಳು. ಅವಳ ಎರಡೂ ಕೈಗಳು ಅವನ ಕೈಯಲ್ಲಿರುವಾಗಲೇ, ಬೇರೆ ಯಾರೂ ಇಲ್ಲದ ಆ ಮನೆಯೊಳಗೆ ಕೀಬೋರ್ಡು ಟಕ್, ಟಕ್ ಎನ್ನತೊಡಗಿತು.